ಬೈಕ್ ಸೈಲೆನ್ಸರ್ ಪೈಪಿಗೆ ತುಕ್ಕು: ಉಜ್ಜಲೋ, ಬಣ್ಣ ಹೊಡೆಯಲೋ, ಬಿಚ್ಚಲೋ?

ಎರಡುಗಾಲಿ:
ಗೆಳೆಯರೇ, ನನ್ನದು ಹಳೇ ಬೈಕ್. ಒಂದೇ ಸಿಲಿಂಡರ್, ಗಾಳಿಗೆ ತಣಿಯುವ ಎಂಜಿನ್. ಎಂಜಿನ್‌ನಿಂದ ಹೊರಡುವ ಬೆಂಡ್ ಪೈಪ್ ಕ್ರೋಮ್‌ನದು. ಅದರ ಮುಂಭಾಗದಲ್ಲೂ ಅಡಿಯಲ್ಲೂ ಕೆಂಪು ಚುಕ್ಕೆಗಳು ಎದ್ದಿವೆ. ಬೆಂಡ್ ಮುಗಿದು ಸೈಲೆನ್ಸರ್ ಶುರುವಾಗುವ ಕಡೆ ವೆಲ್ಡಿಂಗ್ ಸುತ್ತ ಕಂದು ಪದರು ಕಟ್ಟಿದೆ. ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ. ಸೈಲೆನ್ಸರ್‌ನ ಹಿಂದಿನ ಅರ್ಧ ಮಾತ್ರ ಹೊಸದರ ಹಾಗೆ ಹೊಳೆಯುತ್ತಿದೆ.

ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ಒಬ್ಬರು ವೈರ್ ಬ್ರಷ್ ಅಂದರು, ಇನ್ನೊಬ್ಬರು ಆ್ಯಸಿಡ್ ಅಂದರು, ಮತ್ತೊಬ್ಬರು ಸುಮ್ನೆ ಕಪ್ಪು ಬಣ್ಣ ಹೊಡೆದುಬಿಡಿ ಅಂದರು. ಈ ಮಾಡೆಲ್‌ಗೆ ಹೊಸ ಪೈಪ್ ಈಗ ಸಿಗುವುದಿಲ್ಲ. ಹಾಗಾಗಿ ಇದನ್ನೇ ಉಳಿಸಿಕೊಳ್ಳಬೇಕು. ಎಲ್ಲಿಂದ ಶುರು ಮಾಡಲಿ?

ಪಾನಾಕೈ:
ಯಾವುದರಿಂದ ಉಜ್ಜಲಿ ಅಂತ ಕೇಳುವ ಮೊದಲು ಎರಡು ವಿಷಯ ಗೊತ್ತಾಗಬೇಕು. ಪೈಪ್ ಯಾವ ಲೋಹದ್ದು? ತುಕ್ಕು ಹೊರಗಿನಿಂದ ಬಂದಿದೆಯೋ, ಒಳಗಿನಿಂದಲೋ? ಇವೆರಡೂ ತಿಳಿಯದೆ ಕೈ ಹಾಕಿದರೆ ಗಟ್ಟಿಯಿದ್ದ ಪೈಪೂ ಹಾಳಾಗುತ್ತದೆ.

ನಿಮ್ಮದು ಕ್ರೋಮ್ ಅಂದಿರಿ. ಅಂದರೆ ಕೆಳಗೆ ಸಾದಾ ಸ್ಟೀಲ್, ಅದರ ಮೇಲೆ ನಿಕ್ಕಲ್, ನಿಕ್ಕಲ್ ಮೇಲೆ ತೆಳ್ಳಗೆ ಕ್ರೋಮ್. ಈ ಕ್ರೋಮ್ ಪದರು ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ, ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ಹೊಳಪು ಕ್ರೋಮ್‌ನದು, ಕಾವಲು ಮಾತ್ರ ನಿಕ್ಕಲ್‌ನದು. ನಿಕ್ಕಲ್‌ನಲ್ಲಿ ಸೂಜಿ ಮೊನೆಯಷ್ಟು ತೂತು ಬಿದ್ದರೂ ಸಾಕು, ನೀರು ಸ್ಟೀಲ್ ತನಕ ಇಳಿಯುತ್ತದೆ. ಅಲ್ಲಿ ಹುಟ್ಟಿದ ತುಕ್ಕು ಅದೇ ತೂತಿನಿಂದ ಮೇಲೆ ಬಂದು ಹರಡಿಕೊಳ್ಳುತ್ತದೆ. ನಿಮಗೆ ಕಾಣುವ ಚುಕ್ಕೆ ಅದು. ಹಾಗಾಗಿ ಚುಕ್ಕೆ ದೊಡ್ಡದಾಗಿ ಕಂಡರೂ ಕೆಳಗಿನ ಗಾಯ ಚಿಕ್ಕದೇ ಇರಬಹುದು. ಅದಕ್ಕೆ ವೈರ್ ಬ್ರಷ್ ಹಾಕಿದರೆ ಸುತ್ತಲಿನ ಒಳ್ಳೇ ಕ್ರೋಮ್ ಮೇಲೆ ಗೆರೆ ಬೀಳುತ್ತದೆ ಅಷ್ಟೇ.

ವೆಲ್ಡಿಂಗ್ ಸುತ್ತಲಿನದು ಬೇರೆ ಕಥೆ. ಪೈಪ್ ಪೂರ್ತಿ ತಣ್ಣಗಿರುವಾಗ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ. ಸವೆದ ಕಡೆ ಸದ್ದು ಮಂಕಾಗುತ್ತದೆ. ಅನುಮಾನ ಬಂದ ಜಾಗದಲ್ಲಿ ಮೊನೆಯಿಂದ ಒತ್ತಿ ನೋಡಿ. ಅದು ಬಗ್ಗಿದರೆ, ಇಲ್ಲವೇ ಒಳಗೆ ಹೋದರೆ, ಅಲ್ಲಿ ಬಣ್ಣ ಪಾಲಿಶ್ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಲೋಹದ ಓದು:
ಪಾನಾಕೈ ಹೇಳಿದ 'ಒಳಗಿನಿಂದ' ಅನ್ನುವ ಮಾತನ್ನು ಸ್ವಲ್ಪ ಬಿಡಿಸುತ್ತೇನೆ. ಬಹಳ ಜನ ತುಕ್ಕಿಗೆ ಮಳೆಯನ್ನೇ ದೂರುತ್ತಾರೆ. ಆದರೆ ಪೈಪಿನ ಒಳಗೆ ನೀರು ತುಂಬುವುದು ಎಂಜಿನ್ನೇ.

ಪೆಟ್ರೋಲ್ ತೂಕದಲ್ಲಿ ನೂರಕ್ಕೆ ಸುಮಾರು 14 ಪಾಲು ಜಲಜನಕ. ಅದು ಉರಿದಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲ್ ಉರಿದಾಗ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಪೈಪ್ ಬಿಸಿ ಇದ್ದರೆ ಅದೆಲ್ಲ ಆವಿಯಾಗಿಯೇ ಹೊರಗೆ ಹೋಗುತ್ತದೆ. ಪೈಪ್ ತಣ್ಣಗಿದ್ದರೆ ಒಳಗೋಡೆಗೆ ತಾಗಿ ಹನಿಯಾಗಿ ಇಳಿಯುತ್ತದೆ. ಬೆಳಗ್ಗೆ ಗಾಡಿ ಶುರು ಮಾಡಿದಾಗ ಸೈಲೆನ್ಸರ್ ತುದಿಯಿಂದ ನೀರು ತೊಟ್ಟಿಕ್ಕುವುದು ಇದೇ ಕಾರಣಕ್ಕೆ. ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಆ ನೀರಿನಲ್ಲಿ ಕರಗುತ್ತವೆ. ಆಗ ಅದು ಸ್ವಲ್ಪ ಹುಳಿ ನೀರು. ಬರೀ ನೀರಿಗಿಂತ ಅದು ಸ್ಟೀಲ್‌ಗೆ ಜಾಸ್ತಿ ಕೆಟ್ಟದ್ದು.

ಬೆಂಡ್ ಪೈಪ್ ಬೇಗ ಕಾಯುತ್ತದೆ. ಸೈಲೆನ್ಸರ್‌ನ ಹಿಂಭಾಗ ಕಾಯಲು ಬಹಳ ಹೊತ್ತು ಬೇಕು. ಅದಕ್ಕೇ ನೀರು ನಿಲ್ಲುವುದು ಹಿಂದೆ, ಅದರಲ್ಲೂ ತಳದಲ್ಲಿ. ಎರಡುಗಾಲಿಯವರೇ, 'ಹಿಂದಿನ ಅರ್ಧ ಹೊಸದರ ಹಾಗಿದೆ' ಅಂದಿರಲ್ಲ, ಅದನ್ನೂ ತಟ್ಟಿ ನೋಡಿ. ಹೊರಗೆ ಹೊಳೆಯುತ್ತಿದ್ದು ಒಳಗೆ ಸವೆದಿರುವುದು ಸೈಲೆನ್ಸರ್‌ಗಳಲ್ಲಿ ಸಾಮಾನ್ಯ.

ಇನ್ನೊಂದು ಮಾತು. ಹಲವು ಸೈಲೆನ್ಸರ್‌ಗಳ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದು ನೀರು ಇಳಿದುಹೋಗಲಿ ಅಂತ ತಯಾರಕರೇ ಬಿಟ್ಟಿದ್ದು. ತುಕ್ಕಿನಿಂದ ಬಿದ್ದ ತೂತು ಅಂದುಕೊಂಡು ಅದನ್ನು ವೆಲ್ಡ್ ಮಾಡಿಸುವವರಿದ್ದಾರೆ. ದಯವಿಟ್ಟು ಮುಚ್ಚಬೇಡಿ. ಕೆಸರು ಕೂತಿದ್ದರೆ ತೆಳುವಾದ ತಂತಿ ಹಾಕಿ ಬಿಡಿಸಿಕೊಳ್ಳಿ.

ಮಳೆಸವಾರೆ:
ಕ್ರೋಮ್ ಚುಕ್ಕೆಗಳಿಗೆ ನಾನು ನೆಚ್ಚಿಕೊಂಡಿರುವುದು ಅಲ್ಯೂಮಿನಿಯಂ ಫಾಯಿಲ್. ಮೊದಲು ಸೋಪು ನೀರಿನಲ್ಲಿ ಕೆಸರು, ಜಿಡ್ಡು ಎಲ್ಲ ತೊಳೆಯಿರಿ. ಮರಳಿನ ಒಂದು ಕಣ ಉಳಿದರೂ ಉಜ್ಜುವಾಗ ಅದೇ ಗೆರೆ ಎಳೆಯುತ್ತದೆ. ಆಮೇಲೆ ಫಾಯಿಲ್ ತುಂಡನ್ನು ಮುದುಡಿ, ನೀರಿನಲ್ಲಿ ಅದ್ದಿ, ಮೆಲ್ಲಗೆ ಉಜ್ಜಿ. ಸ್ವಲ್ಪ ಹೊತ್ತಿಗೆ ಬೂದು ಬಣ್ಣದ ರಾಡಿ ಬರುತ್ತದೆ. ಆ ರಾಡಿಯೇ ಪಾಲಿಶ್ ಕೆಲಸ ಮಾಡುತ್ತದೆ. ನಡುನಡುವೆ ಒರೆಸಿ ನೋಡುತ್ತ ಹೋಗಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಬಹಳ ಮೆದು, ಹಾಗಾಗಿ ಕ್ರೋಮ್‌ಗೆ ಪೆಟ್ಟು ಬೀಳುವುದಿಲ್ಲ.

ಸೋಡಾ, ವಿನೆಗರ್ ಬೇಕೇ ಅಂತ ಕೆಲವರು ಕೇಳುತ್ತಾರೆ. ಬರೀ ನೀರು ಸಾಕು. ತುಕ್ಕು ಹಟ ಮಾಡಿದರೆ ಮಾತ್ರ ವಿನೆಗರ್‌ನಲ್ಲಿ ಅದ್ದಿ, ಕೂಡಲೇ ಚೆನ್ನಾಗಿ ತೊಳೆದು ಒರೆಸಿ.

ಹಳೇಗೇರು:
ಇಷ್ಟೊಂದು ಕಷ್ಟ ಯಾಕೆ? ಟಾಯ್ಲೆಟ್ ತೊಳೆಯುವ ಆ್ಯಸಿಡ್ ಹಚ್ಚಿ, ಒಂದು ನಿಮಿಷ ಬಿಟ್ಟು ನೀರು ಹಾಕಿ. ತುಕ್ಕು ಎಲ್ಲ ಹೋಗುತ್ತದೆ. ನಮ್ಮ ಕಡೆ ಎಲ್ಲರೂ ಮಾಡುತ್ತಾರೆ.

ಲೋಹದ ಓದು:
ತುಕ್ಕು ಹೋಗುವುದು ನಿಜ. ಅದರ ಜೊತೆ ಕ್ರೋಮ್ ಕೂಡ ಹೋಗುತ್ತದೆ. ಅಂಥ ಆ್ಯಸಿಡ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆ್ಯಸಿಡ್. ಹಳೇ ಕ್ರೋಮ್ ಕಳಚಲು ಪ್ಲೇಟಿಂಗ್ ಮಾಡುವವರು ಬಳಸುವುದೂ ಅದನ್ನೇ. ಚುಕ್ಕೆ ಹೋದ ಜಾಗದಲ್ಲಿ ಬರಿ ಸ್ಟೀಲ್ ತೆರೆದುಕೊಳ್ಳುತ್ತದೆ. ಸಂದಿಯಲ್ಲಿ ಕ್ಲೋರೈಡ್ ಉಳಿದರೆ ಮತ್ತೆ ಬರುವ ತುಕ್ಕು ಮೊದಲಿಗಿಂತ ಜೋರು. ಅದರ ಆವಿ ಹತ್ತಿರವಿರುವ ಚೈನ್, ಬೇರಿಂಗ್, ಪಾನಾಗಳಿಗೂ ತುಕ್ಕು ಹಿಡಿಸುತ್ತದೆ. ಎಂಜಿನ್ ಕೇಸಿನ ಅಲ್ಯೂಮಿನಿಯಂ ಮೇಲೆ ಸಿಡಿದರೆ ಅಲ್ಲಿ ಕಲೆ ಶಾಶ್ವತ. ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ಪ್ರಾಣಕ್ಕೇ ಅಪಾಯ. ಹಳೇಗೇರು ಅವರೇ, ಇದನ್ನು ಬೇರೆಯವರಿಗೆ ಹೇಳುವುದು ಬೇಡ.

ಆ್ಯಸಿಡ್ ಬೇಕೇ ಬೇಕು ಅಂದರೆ ಸಿಟ್ರಿಕ್ ಆ್ಯಸಿಡ್ ಇದೆ, ನಿಂಬೆ ಉಪ್ಪು ಅನ್ನುತ್ತಾರಲ್ಲ, ಅದು. ಆದರೆ ಅದು ಕ್ರೋಮ್ ಇಲ್ಲದ, ಬಿಚ್ಚಿಟ್ಟ ಸ್ಟೀಲ್ ಭಾಗಗಳಿಗೆ: ಕ್ಲಾಂಪ್, ಬ್ರಾಕೆಟ್, ಬೋಲ್ಟ್. ಒಂದು ಲೀಟರ್ ಬೆಚ್ಚಗಿನ ನೀರಿಗೆ 50ರಿಂದ 100 ಗ್ರಾಂ ಹಾಕಿ ನೆನೆಸಿಡಿ. ಕೆಲವು ಗಂಟೆಗಳಲ್ಲಿ ತುಕ್ಕು ಸಡಿಲವಾಗುತ್ತದೆ. ರಾತ್ರಿಯೆಲ್ಲ ಮರೆತುಬಿಡಬೇಡಿ, ಸ್ಟೀಲ್ ಕೂಡ ಕರಗಲು ಶುರುವಾಗುತ್ತದೆ. ತೆಗೆದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿ ಗಾಳಿಯಲ್ಲಿ ತಕ್ಷಣ ಒಣಗಿಸಿ. ತಡ ಮಾಡಿದರೆ ಕಣ್ಣೆದುರೇ ಕಿತ್ತಳೆ ಬಣ್ಣದ ಹೊಸ ತುಕ್ಕು ಏರುತ್ತದೆ.

ಉಪ್ಪುಗಾಳಿ:
ನನ್ನದೊಂದು ಪ್ರಶ್ನೆ ಸೇರಿಸುತ್ತೇನೆ. ನಾನು ಇರುವುದು ಸಮುದ್ರದ ಹತ್ತಿರ. ಬೈಕಿನ ಪೈಪ್ ಸ್ಟೇನ್‌ಲೆಸ್ ಸ್ಟೀಲ್ ಅಂತ ಬರೆದಿದ್ದಾರೆ. ಆದರೂ ಕಂದು ಬಂದಿದೆ. ಮ್ಯಾಗ್ನೆಟ್ ಇಟ್ಟರೆ ಅಂಟುತ್ತದೆ. ಇದು ಸ್ಟೇನ್‌ಲೆಸ್ ಹೌದೋ ಅಲ್ಲವೋ?

ಲೋಹದ ಓದು:
ಮ್ಯಾಗ್ನೆಟ್ ಅಂಟಿತು ಅಂದ ಮಾತ್ರಕ್ಕೆ ಸುಳ್ಳು ಅಂತ ಅಲ್ಲ. ಸ್ಟೇನ್‌ಲೆಸ್‌ನಲ್ಲಿ ಬಗೆಗಳಿವೆ. 304 ಅನ್ನುವುದರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ಅದಕ್ಕೆ ಮ್ಯಾಗ್ನೆಟ್ ಹೆಚ್ಚುಕಮ್ಮಿ ಅಂಟುವುದಿಲ್ಲ. ವಾಹನಗಳ ಪೈಪಿಗೆ ಬಹಳ ಬಳಸುವ 409ರಲ್ಲಿ ಕ್ರೋಮಿಯಂ ಸುಮಾರು 11 ಪಾಲು ಮಾತ್ರ, ಮ್ಯಾಗ್ನೆಟ್ ಚೆನ್ನಾಗಿ ಅಂಟುತ್ತದೆ. 409ಕ್ಕೆ ಮೇಲ್ಮೈಯಲ್ಲಿ ಕಂದು ಬರುವುದು ಸಹಜ. ನೋಡಲು ಬೇಸರ, ಆದರೆ ಸಾದಾ ಸ್ಟೀಲ್ ಹಾಗೆ ಬೇಗ ತೂತು ಬೀಳುವುದಿಲ್ಲ.

ಎಂಜಿನ್ ಹತ್ತಿರ ಹೊಂಬಣ್ಣ, ನೇರಳೆ, ನೀಲಿ ಕಂಡರೆ ಅದು ತುಕ್ಕೇ ಅಲ್ಲ. ಬಿಸಿಗೆ ಬೆಳೆದ ತೆಳು ಆಕ್ಸೈಡ್ ಪದರಿನ ಬಣ್ಣ ಅದು.

ಸಮುದ್ರದ ಗಾಳಿಯಲ್ಲಿರುವ ಕ್ಲೋರೈಡ್ ಸ್ಟೇನ್‌ಲೆಸ್‌ನ ಕಾವಲು ಪದರನ್ನೂ ಅಲ್ಲಲ್ಲಿ ಒಡೆಯುತ್ತದೆ. ಹಾಗಾಗಿ ಪೈಪ್ ತಣ್ಣಗಾದ ಮೇಲೆ ಸಿಹಿ ನೀರಿನಿಂದ ಆಗಾಗ ತೊಳೆಯುವುದಕ್ಕಿಂತ ಒಳ್ಳೆ ಮದ್ದಿಲ್ಲ. ಒಂದು ಎಚ್ಚರಿಕೆ: ಸ್ಟೇನ್‌ಲೆಸ್ ಮೇಲೆ ಸಾದಾ ಸ್ಟೀಲ್ ವುಲ್ ಆಗಲಿ, ಕಬ್ಬಿಣದ ವೈರ್ ಬ್ರಷ್ ಆಗಲಿ ಬೇಡ. ಅದರ ಕಣಗಳು ಅಂಟಿಕೊಂಡು ಅವೇ ತುಕ್ಕು ಹಿಡಿಯುತ್ತವೆ. ನೈಲಾನ್ ಸ್ಕ್ರಬ್ ಪ್ಯಾಡ್ ಅಥವಾ ಸ್ಟೇನ್‌ಲೆಸ್ ಬ್ರಷ್ ಬಳಸಿ, ಪೈಪಿನಲ್ಲಿ ಪಾಲಿಶ್ ಗೆರೆ ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿಗೆ ಉಜ್ಜಿ.

ಎರಡುಗಾಲಿ:
ಎಲ್ಲರಿಗೂ ಧನ್ಯವಾದ. ತಟ್ಟಿ ನೋಡಿದೆ. ಹಿಂಭಾಗ ಗಟ್ಟಿ ಇದೆ. ಆದರೆ ವೆಲ್ಡಿಂಗ್ ಪಕ್ಕ, ತಳದಲ್ಲಿ, ಒಂದು ಕಡೆ ಸ್ಕ್ರೂಡ್ರೈವರ್ ಮೊನೆ ಒಳಗೆ ಹೋಯಿತು. ಕಡಲೆಕಾಳು ಗಾತ್ರದ ತೂತು. ಇಷ್ಟು ದಿನ ಆ್ಯಕ್ಸಿಲರೇಟರ್ (ಥ್ರಾಟಲ್) ಬಿಟ್ಟಾಗ ಪಟಪಟ ಅನ್ನುತ್ತಿದ್ದುದು ಇದರಿಂದಲೇ ಇರಬಹುದೇ? ಸದ್ಯಕ್ಕೆ ಪುಟ್ಟಿ ಮೆತ್ತಿದರೆ ಸಾಕಾಗುತ್ತದೆಯೇ?

ಪಾನಾಕೈ:
ಇರಬಹುದು. ಥ್ರಾಟಲ್ ಬಿಟ್ಟಾಗ ಪೈಪಿನೊಳಗೆ ಒತ್ತಡ ಮೇಲೆಕೆಳಗೆ ಆಗುತ್ತದೆ. ತೂತಿನಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಆವಿ ಅಲ್ಲೇ ಹೊತ್ತಿಕೊಂಡು ಪಟ್ ಅನ್ನುತ್ತದೆ. ಆದರೆ ಎಂಜಿನ್ ಹೆಡ್ ಹತ್ತಿರದ ಗ್ಯಾಸ್ಕೆಟ್ ಸೋರುತ್ತಿದ್ದರೂ ಇದೇ ಲಕ್ಷಣ. ಎರಡನ್ನೂ ನೋಡಿಕೊಳ್ಳಿ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಇರುವ ಹೊಸ ಗಾಡಿಗಳಲ್ಲಿ ಎಂಜಿನ್‌ಗೂ ಸೆನ್ಸರ್‌ಗೂ ನಡುವೆ ಸೋರಿದರೆ ಇನ್ನೂ ತೊಂದರೆ. ಪೆಟ್ರೋಲ್ ಕಮ್ಮಿ ಬರುತ್ತಿದೆ ಅಂತ ಸೆನ್ಸರ್ ತಪ್ಪು ತಿಳಿದು ಜಾಸ್ತಿ ಕೊಡಿಸುತ್ತದೆ.

ಪುಟ್ಟಿ ಮನೆ ಮುಟ್ಟುವುದಕ್ಕೆ ಸರಿ. ಅದು ಬಿಸಿಗೆ ಗಟ್ಟಿಯಾಗುತ್ತದೆ, ಅಲುಗಾಟಕ್ಕೆ ಬಿರಿಯುತ್ತದೆ. ಇಲ್ಲಿ ವೆಲ್ಡಿಂಗೇ ಬೇಕು. ಪೈಪ್ ಬಿಚ್ಚಿಯೇ ಮಾಡಿಸಿ. ಗಾಡಿಯಲ್ಲೇ ಇಟ್ಟು ಮಾಡಿಸುವುದಾದರೆ ಬ್ಯಾಟರಿ ತಂತಿ ತೆಗೆಯಬೇಕು, ಟ್ಯಾಂಕ್ ದೂರ ಇಡಬೇಕು, ಇಷ್ಟೆಲ್ಲಾ ಮಾಡಿದರೂ ತಳದ ಕಡೆ ಕೈ ಸರಿಯಾಗಿ ಹೋಗುವುದಿಲ್ಲ.

ಕಿಡಿಕನ್ನಡಕ:
ವೆಲ್ಡಿಂಗ್ ನನ್ನ ದಿನದ ಕೆಲಸ, ಹಾಗಾಗಿ ಸ್ವಲ್ಪ ಹೇಳುತ್ತೇನೆ. ತೂತು ಕಡಲೆಯಷ್ಟು ಅಂದರೆ ಅದರ ಸುತ್ತ ಲೋಹ ಕಾಗದದಷ್ಟು ತೆಳುವಾಗಿರುತ್ತದೆ. ತೂತಿನ ಅಂಚಿಗೇ ಬೆಸೆಯಲು ಹೋದರೆ ಅದು ಕರಗಿ ತೂತು ದೊಡ್ಡದಾಗುತ್ತ ಹೋಗುತ್ತದೆ. ಗಟ್ಟಿ ಲೋಹ ಸಿಗುವ ತನಕ ಸುತ್ತ ಕತ್ತರಿಸಿ ತೆಗೆಯಬೇಕು. ಅದೇ ದಪ್ಪದ ಸ್ಟೀಲ್ ಹಾಳೆಯನ್ನು ಪೈಪಿನ ಬಾಗಿಗೆ ಸರಿಯಾಗಿ ಬಗ್ಗಿಸಿ, ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ತಣಿಯಲು ಬಿಟ್ಟು, ಆಮೇಲೆ ತುಂಡುತುಂಡಾಗಿ ಸುತ್ತು ಮುಗಿಸಬೇಕು. ಒಂದೇ ಸಲ ಎಳೆದರೆ ಪೈಪ್ ಸೊಟ್ಟಗಾಗುತ್ತದೆ. ಬೆಸೆಯುವ ಜಾಗದ ಸುತ್ತ ಕ್ರೋಮ್ ಮತ್ತು ನಿಕ್ಕಲ್ ಪೂರ್ತಿ ಕೆರೆದು ತೆಗೆದಿರಬೇಕು. ಅದರ ಹೊಗೆ ಉಸಿರಿಗೆ ಒಳ್ಳೆಯದಲ್ಲ, ಬೆಸುಗೆಯೂ ಸರಿ ಹಿಡಿಯುವುದಿಲ್ಲ.

ತೇಪೆಗೆ ಸತುವು ಹಚ್ಚಿದ ತಗಡು ಬೇಡವೇ ಬೇಡ. ಸತುವು 419 ಡಿಗ್ರಿಗೆ ಕರಗುತ್ತದೆ. ವೆಲ್ಡಿಂಗ್ ಬಿಸಿಗೆ ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳಲ್ಲೇ ಚಳಿ ಜ್ವರ ಬರುತ್ತದೆ.

ಎರಡುಗಾಲಿ:
ಹಾಗಾದರೆ ಬಿಚ್ಚಲೇಬೇಕು. ಹೆಡ್ ಹತ್ತಿರದ ಎರಡು ನಟ್‌ಗಳು ನೋಡಲು ತುಕ್ಕಿನ ಉಂಡೆಯಂತಿವೆ. ಅದೇ ಭಯ.

ಪಾನಾಕೈ:
ಭಯ ಸರಿಯೇ. ಈ ಇಡೀ ಕೆಲಸದಲ್ಲಿ ದುಬಾರಿಯಾಗುವ ಜಾಗ ಅದು. ಸ್ಟಡ್ (ನಟ್ ಕೂರುವ, ಹೆಡ್‌ಗೆ ನೆಟ್ಟ ಕಡ್ಡಿ) ಮುರಿದು ಅಲ್ಯೂಮಿನಿಯಂ ಹೆಡ್ ಒಳಗೆ ಉಳಿದರೆ ಡ್ರಿಲ್ ಹಾಕಿ ತೆಗೆಯಬೇಕು, ಮರೆ (ತಿರುಪಿನ ಸುತ್ತುಗೆರೆ) ಕೆಟ್ಟರೆ ಹೊಸ ಮರೆ ಕೂರಿಸಬೇಕು. ಹಾಗಾಗಿ ಅವಸರ ಬೇಡ.

ಮೊದಲು ಸ್ಟಡ್ ಹೊರಗೆ ಕಾಣುವ ಮರೆಯನ್ನು ಸಣ್ಣ ವೈರ್ ಬ್ರಷ್‌ನಿಂದ ಶುಚಿ ಮಾಡಿ. ನಟ್ ದಾಟಿ ಬರಬೇಕಾದ ದಾರಿಯೇ ಅದು. ಆಮೇಲೆ ತುಕ್ಕು ಬಿಡಿಸುವ ತೆಳು ಎಣ್ಣೆ ಹಾಕಿ. ಪೈಪ್ ತಣ್ಣಗಿರುವಾಗ ಮಾತ್ರ. ಬಿಸಿ ಪೈಪ್ ಮೇಲೆ ಸ್ಪ್ರೇ ಬಿದ್ದರೆ ಬೆಂಕಿ ಹತ್ತಬಹುದು. ಸಂಜೆ ಹಾಕಿ ಬೆಳಗ್ಗೆ ಮತ್ತೆ ಹಾಕಿ. ಅದು ಒಳಗೆ ಇಳಿಯಲು ಹೊತ್ತು ಬೇಕು. ಆರು ಮೂಲೆಯ ಸಾಕೆಟ್ಟನ್ನೇ ಬಳಸಿ, ಹನ್ನೆರಡು ಮೂಲೆಯದು ತುಕ್ಕು ತಿಂದ ನಟ್ ಮೇಲೆ ಜಾರುತ್ತದೆ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿ ನೋಡಿ, ತುಕ್ಕಿನ ಹಿಡಿತ ಒಡೆಯುತ್ತದೆ. ಕಾಲು ಸುತ್ತು ಬಿಚ್ಚಿ, ಅರ್ಧ ಹಿಂದಕ್ಕೆ ಬಿಗಿ ಮಾಡಿ, ಎಣ್ಣೆ ಬಿಡಿ, ಮತ್ತೆ ಬಿಚ್ಚಿ. ಹೀಗೆ ಹೋಗುತ್ತ ಬರುತ್ತ ತೆಗೆಯಿರಿ. ಪಾನಾ ಸ್ಪ್ರಿಂಗ್ ಥರ ಬಗ್ಗಿ ಮತ್ತೆ ವಾಪಸ್ ಬರುತ್ತಿದೆ ಅನ್ನಿಸಿದರೆ ಅಲ್ಲಿಗೆ ನಿಲ್ಲಿಸಿ. ಸ್ಟಡ್ ತಿರುಚಿಕೊಳ್ಳುತ್ತಿದೆ ಅಂತ ಅರ್ಥ. ಆಗ ಎಣ್ಣೆಯನ್ನೆಲ್ಲ ಒರೆಸಿ ತೆಗೆದು, ಬಿಸಿ ಕೊಡಬಲ್ಲವರ ಹತ್ತಿರ ಹೋಗಿ.

ವಾಪಸ್ ಹಾಕುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಹಳೆಯದು ಒಮ್ಮೆ ಒತ್ತಿಕೊಂಡಿರುತ್ತದೆ. ಸ್ಟಡ್‌ಗೆ ತಾಮ್ರದ ಆ್ಯಂಟಿಸೀಜ್ (ನಟ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ತೆಳ್ಳಗೆ ಸವರಿ. ಎರಡೂ ನಟ್ ಸಮಸಮವಾಗಿ ಬಿಗಿಯಾಗಲಿ. ಸೈಲೆನ್ಸರ್ ಬ್ರಾಕೆಟ್ ಬೋಲ್ಟ್ ಕೊನೆಗೆ.

ಬಣ್ಣದಕೈ:
ತೇಪೆ ಹಾಕಿದ ಕಡೆ ಕ್ರೋಮ್ ಇರುವುದಿಲ್ಲ, ಬಣ್ಣವೇ ಗತಿ. ಅದರ ಬಗ್ಗೆ ಬರೆಯುತ್ತೇನೆ. ಇಲ್ಲಿ ಕೆಲಸ ಕೆಡುವುದು ಡಬ್ಬಿಯಿಂದಲ್ಲ, ಅದಕ್ಕೆ ಮೊದಲಿನ ತಯಾರಿಯಲ್ಲಿ.

ಬಿಸಿ ತಡೆಯುವ ಬಣ್ಣವೇ ಬೇಕು. ಡಬ್ಬಿಯ ಮೇಲೆ 600 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಅಂತ ಬರೆದಿರಲಿ. ಅಂಥ ಬಣ್ಣದಲ್ಲಿ ಅಂಟಿಸುವ ಕೆಲಸ ಮಾಡುವುದು ಸಿಲಿಕೋನ್ ರಾಳ. ಅದು ಗಾಳಿಗೆ ಒಣಗಿದಂತೆ ಕಂಡರೂ ಬಿಸಿ ತಾಗುವ ತನಕ ಗಟ್ಟಿಯಾಗುವುದಿಲ್ಲ. ಸಾದಾ ಪ್ರೈಮರ್ ಕೆಳಗೆ ಹಾಕಬೇಡಿ. ಅದು ಸುಟ್ಟು ಮೇಲಿನ ಬಣ್ಣವನ್ನೂ ಎಬ್ಬಿಸುತ್ತದೆ. ತುಕ್ಕನ್ನು ಕಪ್ಪು ಮಾಡುವ ರಸ್ಟ್ ಕನ್ವರ್ಟರ್ ಕೂಡ ಬೆಂಡ್ ಪೈಪಿನ ಬಿಸಿಗೆ ನಿಲ್ಲುವುದಿಲ್ಲ. ಬ್ರಾಕೆಟ್‌ಗೆ, ತಣ್ಣಗಿರುವ ಭಾಗಗಳಿಗೆ ಅದು ಸರಿ.

ಬರಿ ಲೋಹ ಕಾಣುವ ತನಕ ತುಕ್ಕು ತೆಗೆಯಿರಿ. ವೈರ್ ವೀಲ್ ಬಳಸಿದರೆ ಕನ್ನಡಕ, ಮಾಸ್ಕ್ ಎರಡೂ ಬೇಕು, ಅದರ ತಂತಿ ಕಿತ್ತು ಹಾರುತ್ತದೆ. ಕೊನೆಗೆ 120 ನಂಬರ್ ಎಮರಿ ಪೇಪರ್ ಹಾಕಿ, ಬಣ್ಣ ಕಚ್ಚಿಕೊಳ್ಳಲು ಸ್ವಲ್ಪ ಒರಟು ಇರಲೇಬೇಕು. ಹೊಳೆಯುವ ಕ್ರೋಮ್ ಮೇಲೆ ನೇರವಾಗಿ ಹೊಡೆದರೆ ಹಪ್ಪಳದಂತೆ ಏಳುವುದು ಇದಕ್ಕೇ. ಅಸಿಟೋನ್‌ನಲ್ಲಿ ಒರೆಸಿದ ಮೇಲೆ ಬರಿಗೈ ತಾಗಿಸಬೇಡಿ, ಬೆರಳಿನ ಜಿಡ್ಡೂ ಕಲೆಯಾಗುತ್ತದೆ. ತೆಳ್ಳಗೆ ಎರಡು ಮೂರು ಕೋಟ್ ಹೊಡೆಯಿರಿ. ದಪ್ಪಗೆ ಒಂದೇ ಸಲ ಹೊಡೆದರೆ ಗುಳ್ಳೆ ಬರುತ್ತದೆ.

ಆಮೇಲೆ ಬಿಸಿ ಕೊಡುವ ಕೆಲಸ. ಡಬ್ಬಿಯಲ್ಲಿ ಹೇಳಿದ ಕ್ರಮವೇ ಅಂತಿಮ. ಸಾಮಾನ್ಯವಾಗಿ ಸ್ವಲ್ಪ ಬಿಸಿ, ಪೂರ್ತಿ ತಣಿಸು, ಇನ್ನೂ ಜಾಸ್ತಿ ಬಿಸಿ, ಮತ್ತೆ ತಣಿಸು, ಹೀಗೆ ಹೋಗುತ್ತದೆ. ಗಾಡಿಯಲ್ಲೇ ಮಾಡುವುದಾದರೆ ಮೊದಲು ಕೆಲವೇ ನಿಮಿಷ ಓಡಿಸಿ ನಿಲ್ಲಿಸಿ. ಗಾಳಿಗೆ ತಣಿಯುವ ಎಂಜಿನ್‌ನನ್ನು ನಿಂತಲ್ಲೇ ಬಹಳ ಹೊತ್ತು ಓಡಿಸಬೇಡಿ. ಹೊಗೆ, ವಾಸನೆ ಬರುತ್ತದೆ, ಗಾಬರಿ ಬೇಡ. ಆದರೆ ಇದೆಲ್ಲ ಬಯಲಲ್ಲೇ ಆಗಬೇಕು. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯೇ ಇಲ್ಲ.

ಹಳೇಗೇರು:
ಆ್ಯಸಿಡ್ ವಿಷಯ ಒಪ್ಪಿದೆ, ಇನ್ನು ಹೇಳುವುದಿಲ್ಲ. ಆದರೆ ಒಳಗಿನ ತುಕ್ಕಿಗೆ ಹಳೇ ಎಂಜಿನ್ ಆಯಿಲ್ ಸುರಿದು ಪೈಪ್ ತಿರುಗಿಸುವುದು ಹಿಂದಿನಿಂದ ಬಂದ ಪದ್ಧತಿ. ಅದಾದರೂ ಸರಿ ತಾನೇ?

ಲೋಹದ ಓದು:
ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಮ್ಮಿ ಮಾಡುವ ಭಾಗ) ಇರುವ ಪೈಪಿಗೆ ಖಂಡಿತ ಬೇಡ. ಆಯಿಲ್‌ನಲ್ಲಿರುವ ರಂಜಕ ಕನ್ವರ್ಟರ್‌ಗೆ ವಿಷ. ಕನ್ವರ್ಟರ್ ಇಲ್ಲದ ಹಳೇ ಪೈಪಿನಲ್ಲೂ ಆಯಿಲ್ ಉರಿದು ಹೊಗೆಯಾಗಿ ಹೋಗುತ್ತದೆ, ಗ್ಲಾಸ್ ವುಲ್ ತುಂಬಿದ ಸೈಲೆನ್ಸರ್ ಆದರೆ ಅದು ನೆನೆದು ಹಾಳಾಗುತ್ತದೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಮಾತ್ರ ಇದಕ್ಕೊಂದು ಅರ್ಥವಿದೆ.

ಅದಕ್ಕಿಂತ ಮುಖ್ಯವಾದ ಒಂದು ಅಭ್ಯಾಸ ಇದೆ. ನಿಲ್ಲಿಸಿದ ಗಾಡಿಯನ್ನು ಆಗಾಗ ಐದು ನಿಮಿಷ ಶುರು ಮಾಡಿ ಆರಿಸುವುದು. ಬ್ಯಾಟರಿಗೆ ಒಳ್ಳೆಯದು ಅಂತ ಮಾಡುತ್ತಾರೆ. ಬ್ಯಾಟರಿಗೆ ಅಷ್ಟರಲ್ಲಿ ಏನೂ ತುಂಬುವುದಿಲ್ಲ, ಸೈಲೆನ್ಸರ್‌ಗೆ ಮಾತ್ರ ಹುಳಿ ನೀರು ತುಂಬುತ್ತದೆ. ಶುರು ಮಾಡಿದರೆ ಹಿಂಭಾಗವೂ ಚೆನ್ನಾಗಿ ಕಾಯುವ ತನಕ ಓಡಿಸಿಕೊಂಡು ಬನ್ನಿ. ಆಗದಿದ್ದರೆ ಶುರುವೇ ಮಾಡಬೇಡಿ.

ಉಪ್ಪುಗಾಳಿ:
ಬೆಂಡ್ ಪೈಪಿಗೆ ಬಟ್ಟೆಯಂಥ ಪಟ್ಟಿ ಸುತ್ತುತ್ತಾರಲ್ಲ, ಅದು ನೀರು ತಡೆಯುತ್ತದೆಯೇ?

ಪಾನಾಕೈ:
ತಡೆಯುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಸಾದಾ ಸ್ಟೀಲ್ ಪೈಪಿಗೆ ಸುತ್ತಿದರೆ ಒಳಗೆ ಏನಾಗುತ್ತಿದೆ ಅಂತ ಕಾಣುವುದೂ ಇಲ್ಲ. ಪಟ್ಟಿ ಬಿಚ್ಚಿದಾಗ ಪೈಪ್ ಪದರು ಪದರಾಗಿ ಕೈಗೆ ಬಂದಿದ್ದನ್ನು ನೋಡಿದ್ದೇನೆ. ಹಾಗೇ ಗಾಡಿ ಬಿಸಿ ಇರುವಾಗ ಪ್ಲಾಸ್ಟಿಕ್ ಹೊದಿಕೆ ಹಾಕುವುದೂ ಬೇಡ.

ಎರಡುಗಾಲಿ:
ನಟ್ ಎರಡೂ ಮುರಿಯದೆ ಬಂದವು, ನೀವು ಹೇಳಿದ ಹಾಗೆ ಹೋಗುತ್ತ ಬರುತ್ತ ತೆಗೆದೆ. ತೇಪೆ ಬೆಸುಗೆ ಆಯಿತು, ಬಣ್ಣವೂ ಆಯಿತು. ಪಟಪಟ ನಿಂತಿದೆ! ಕ್ರೋಮ್ ಚುಕ್ಕೆಗಳು ಫಾಯಿಲ್‌ಗೆ ಹೋದವು, ಆದರೆ ಹತ್ತಿರದಿಂದ ನೋಡಿದರೆ ಸಣ್ಣ ಕಪ್ಪು ಕುಳಿಗಳು ಕಾಣುತ್ತವೆ. ಇದಕ್ಕೆ ಏನು ಹಚ್ಚಲಿ? ಮರು ಕ್ರೋಮ್ ಮಾಡಿಸಬಹುದೇ?

ಮಳೆಸವಾರೆ:
ಆ ಕುಳಿಗಳೇ ತುಕ್ಕು ಮೇಲೆ ಬಂದ ದಾರಿ. ಅವನ್ನು ಅಳಿಸಲು ಇನ್ನೂ ಉಜ್ಜಬೇಡಿ, ಉಳಿದ ಕ್ರೋಮ್ ಸವೆಯುತ್ತದೆ. ಸೈಲೆನ್ಸರ್‌ನ ಹಿಂಭಾಗಕ್ಕೆ ಮೇಣದ ಪಾಲಿಶ್ ನಿಲ್ಲುತ್ತದೆ. ಬೆಂಡ್ ಪೈಪಿನ ಮೇಲೆ ಮೇಣ ಸುಟ್ಟು ಹಳದಿ ಕಲೆ ಬಿಡುತ್ತದೆ, ಅಲ್ಲಿ ಬೇಡ. ಅದನ್ನು ತೊಳೆದು ಒಣಗಿಸಿಡುವುದು, ಕೆಂಪು ಕಂಡಾಗ ಫಾಯಿಲ್ ಆಡಿಸುವುದು, ಅಷ್ಟೇ.

ಬಣ್ಣದಕೈ:
ಮರು ಕ್ರೋಮ್ ಆಗುತ್ತದೆ, ಆದರೆ ಹಳೇದನ್ನೆಲ್ಲ ಕಳಚಿ, ಕುಳಿಗಳನ್ನು ತಾಮ್ರದಿಂದ ತುಂಬಿ ಪಾಲಿಶ್ ಮಾಡಿ, ನಿಕ್ಕಲ್ ಹಾಕಿ, ಕೊನೆಗೆ ಕ್ರೋಮ್. ಓಡಿದ ಪೈಪಿನೊಳಗಿನ ಮಸಿ ತೊಟ್ಟಿಯ ದ್ರಾವಣ ಕೆಡಿಸುತ್ತದೆ ಅಂತ ಬಹಳ ಪ್ಲೇಟಿಂಗ್‌ನವರು ತೆಗೆದುಕೊಳ್ಳುವುದೇ ಇಲ್ಲ. ಬಿಚ್ಚುವ ಮೊದಲೇ ಕೇಳಿಕೊಳ್ಳಿ.

ಪಾನಾಕೈ:
ಚುಕ್ಕೆ ಪೈಪಿನ ಮುಂಭಾಗದಲ್ಲಿ ಜಾಸ್ತಿ ಅಂದಿದ್ದಿರಿ. ಅದು ಮುಂದಿನ ಚಕ್ರ ಎರಚುವ ಕೆಸರು ನೀರು. ಮುಂದಿನ ಮಡ್‌ಗಾರ್ಡ್ ತುದಿಗೆ ರಬ್ಬರ್ ಫ್ಲಾಪ್ ಒಂದು ಹಾಕಿ. ಹಾಕಿದ ಮೇಲೆ ಬ್ರೇಕ್ ಹಿಡಿದು ಫೋರ್ಕ್ ಪೂರ್ತಿ ಒತ್ತಿ, ಹ್ಯಾಂಡಲ್ ಎರಡೂ ಕಡೆ ಕೊನೆಯ ತನಕ ತಿರುಗಿಸಿ ನೋಡಿ. ರಬ್ಬರ್ ಪೈಪಿಗೂ ತಾಗಬಾರದು, ಟೈರಿಗೂ ತಾಗಬಾರದು. ತಾಗಿದರೆ ಅಷ್ಟು ಕತ್ತರಿಸಿ.